ಒಂದೇ ಟ್ರೈಲರ್‌ಗೆ ಎರಡು ಗಾಡಿ: ಎಸ್‌ಯುವಿಯೋ, ಪಿಕಪ್ಪೋ?

ಊರಿನಿಂದ ಡೆನ್ವರ್‌ಗೆ ಬಂದಿದ್ದ ಅಪ್ಪ ನಮ್ಮ ಕ್ಯಾಂಪಿಂಗ್ ಟ್ರೈಲರನ್ನು (ಗಾಡಿಯ ಹಿಂದೆ ಎಳೆದೊಯ್ಯುವ ಪುಟ್ಟ ಮನೆ) ಒಂದು ಸುತ್ತು ಹಾಕಿ ನೋಡಿ, "ಮುಂಭಾರ ಎಷ್ಟು, ಹಿಂಭಾರ ಎಷ್ಟು?" ಎಂದು ಕೇಳಿದರು. ಎತ್ತಿನಗಾಡಿ ಹೂಡಿದವರ ಪ್ರಶ್ನೆ ಅದು. ಹಿಂಭಾರವಾದರೆ ನೊಗ ಮೇಲೆದ್ದು ಎತ್ತಿನ ಕೊರಳು ಹಿಡಿಯುತ್ತದೆ, ಮುಂಭಾರವಾದರೆ ಹೆಗಲು ಬಾತುಕೊಳ್ಳುತ್ತದೆ. ಟ್ರೈಲರ್ ಮಾರಿದವರು ಈ ಮಾತನ್ನೇ ಎತ್ತಿರಲಿಲ್ಲ. ಎಸ್‌ಯುವಿ ಎಳೆಯುವ ಮಿತಿ 5,000 ಪೌಂಡ್, ಟ್ರೈಲರ್ 3,700, ಧಾರಾಳವಾಯಿತು ಎಂದಿದ್ದರು.

ಆ 3,700 ಖಾಲಿ ಟ್ರೈಲರ್‌ನ ತೂಕ. ಗ್ಯಾಸ್, ಬ್ಯಾಟರಿ, ಹಾಸಿಗೆ, ಪಾತ್ರೆಪಗಡ, 40 ಗ್ಯಾಲನ್ ನೀರು (ನೀರೊಂದೇ 330 ಪೌಂಡ್ ದಾಟುತ್ತದೆ) ಎಲ್ಲವನ್ನೂ ತುಂಬಿ ಲಾರಿಗಳ ವೇ ಬ್ರಿಡ್ಜ್ ಮೇಲೆ ನಿಲ್ಲಿಸಿದಾಗ 4,600 ಬಂತು. ಅದರಲ್ಲಿ 580 ಹಿಚ್ ಮೇಲೆ, ಅಂದರೆ ಟ್ರೈಲರನ್ನು ಗಾಡಿಗೆ ಜೋಡಿಸುವ ಕೊಂಡಿಯ ಮೇಲೆ, ಕೂರುವ ಭಾರ. ಇದು ಟ್ರೈಲರ್ ತೂಕದ ಶೇ 10ರಿಂದ 15ರಷ್ಟಿರಬೇಕು. ಕಡಿಮೆಯಾದರೆ ಟ್ರೈಲರ್ ಬಾಲ ಬೀಸತೊಡಗುತ್ತದೆ. ನಮ್ಮದು ಸರಿಯಾಗಿಯೇ ಇತ್ತು, ಆದರೆ ಎಸ್‌ಯುವಿಯ ಹಿಚ್ ತಾಳುವುದು 500 ಮಾತ್ರ. ಚಾಲಕನ ಬಾಗಿಲಿನ ಚೌಕಟ್ಟಿಗೆ ಅಂಟಿಸಿದ ಚೀಟಿಯನ್ನು ಅಂದೇ ಮೊದಲು ಓದಿದೆ: ಜನ, ಸಾಮಾನು ಸೇರಿ 1,350 ಪೌಂಡ್ ಮೀರಬಾರದು. ಹಿಚ್ ಭಾರವೂ ಇದೇ ಲೆಕ್ಕಕ್ಕೆ ಬೀಳುತ್ತದೆ. ನಾವು ಐವರು 700, ಗಾಡಿಯೊಳಗಿನ ಸಾಮಾನು 150, ಹಿಚ್ 580. ಒಟ್ಟು 1,430.

ಅಪ್ಪ ಅಮ್ಮ ಬರುವ ಮೊದಲು ಮೂವರೇ ಇದೇ ಎಸ್‌ಯುವಿಯಲ್ಲಿ ಶಾಯೆನ್ ಕಡೆಗೆ ಹೋಗಿದ್ದೆವು. ಗಾಡಿಯ ಹಿಂಭಾಗ ಕುಸಿದು ಮೂತಿ ಎದ್ದಿತ್ತು. ಮುಂದಿನ ಚಕ್ರಗಳ ಮೇಲೆ ಭಾರವಿಲ್ಲದೆ ಸ್ಟೀರಿಂಗ್ ಹಗುರಾಗಿತ್ತು. ವಯೋಮಿಂಗ್ ಗಡಿಯ ಬಯಲುಗಾಳಿಯಲ್ಲಿ ದೊಡ್ಡ ಲಾರಿಯೊಂದು ಪಕ್ಕದಲ್ಲಿ ಹಾದಾಗ ಟ್ರೈಲರ್ ಅದರತ್ತ ವಾಲಿತು, ಮತ್ತೆ ಇತ್ತ ಬಂತು, ಮತ್ತೆ ಅತ್ತ. ಕಾಲು ತಾನಾಗಿ ಬ್ರೇಕಿನತ್ತ ಹೋಯಿತು. ಅದನ್ನು ತಡೆದು, ಆಕ್ಸಿಲರೇಟರ್ ಬಿಟ್ಟು, ಟ್ರೈಲರ್‌ನ ಬ್ರೇಕನ್ನಷ್ಟೇ ಕೈಯಿಂದ ಒತ್ತಿ ಹಿಡಿದೆ. ನೇರವಾಯಿತು. ಹಿಂದಿನ ಸೀಟಿನಲ್ಲಿ ಮಗ ನಿದ್ದೆ ಮಾಡುತ್ತಿದ್ದ.

ಗೆಳೆಯರೊಬ್ಬರಿಂದ ಎರವಲು ತಂದ ಹಾಫ್ ಟನ್ (ಅದು ವರ್ಗದ ಹೆಸರಷ್ಟೇ, ಹೊರುವ ಮಿತಿಯಲ್ಲ) ಪಿಕಪ್‌ನಲ್ಲಿ ಅದೇ ರಸ್ತೆ, ಅದೇ ಟ್ರೈಲರ್. ಲಾರಿ ಹಾದಾಗ ಒಂದು ತಳ್ಳು ತಟ್ಟಿತು, ಅಷ್ಟೇ. ಅದರ ಮುಂದಿನ ಹಿಂದಿನ ಚಕ್ರಗಳ ಅಂತರ 145 ಇಂಚು, ಎಸ್‌ಯುವಿಯದು 112. ಭಾರವನ್ನು ಮುಂದಿನ ಚಕ್ರಗಳಿಗೂ ಹಂಚುವ ಹಿಚ್ಚನ್ನೂ ಪಿಕಪ್‌ಗೆ ಹಾಕಿದ್ದೆವು. ಎಸ್‌ಯುವಿಯ ಕೈಪಿಡಿ ಅದಕ್ಕೆ ಒಪ್ಪಿಗೆ ಕೊಡುವುದಿಲ್ಲ.

ಏರಿನಲ್ಲೂ ಪಿಕಪ್ಪೇ ಮೇಲು. 11,000 ಅಡಿ ದಾಟಿದ ಐಸೆನ್‌ಹೋವರ್ ಸುರಂಗದ ಹೊತ್ತಿಗೆ ಗಾಳಿ ತೆಳುವಾಗಿ, ಟರ್ಬೊ (ಎಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ) ಇಲ್ಲದ ಎಸ್‌ಯುವಿ ಎಂಜಿನ್ ಸುಮಾರು ಮೂರರಲ್ಲೊಂದು ಪಾಲು ಶಕ್ತಿ ಕಳೆದುಕೊಂಡಿರುತ್ತದೆ. ಟರ್ಬೊ ಇದ್ದ ಪಿಕಪ್ ಆ ಕೊರತೆಯನ್ನು ತೋರಿಸಲಿಲ್ಲ. ದಿನನಿತ್ಯದ ಓಡಾಟಕ್ಕೆ, ಪೇಟೆಯ ಪಾರ್ಕಿಂಗ್‌ಗೆ ಎಸ್‌ಯುವಿಯೇ ಸುಖ. ಅದನ್ನೇ ಉಳಿಸಿಕೊಳ್ಳುವವರು ತುಂಬಿದ ಮೇಲೂ 3,000 ಪೌಂಡ್ ಮೀರದ ಟ್ರೈಲರ್ ಹುಡುಕಲಿ.

ನಾವು ಪಿಕಪ್ ಕೊಂಡೆವು. ಅದರ ಚೀಟಿ 1,700 ಎನ್ನುತ್ತದೆ. ಹಿಚ್‌ನದೇ ತೂಕ 80 ಸೇರಿ ನಮ್ಮ ಲೆಕ್ಕ 1,510. ಮಿಕ್ಕಿದ್ದು 190 ಪೌಂಡ್ ಮಾತ್ರ. ಹಾಗಾಗಿ ನೀರನ್ನು ಈಗ ಕ್ಯಾಂಪ್ ತಲುಪಿದ ಮೇಲೆಯೇ ತುಂಬಿಸುತ್ತೇವೆ. ಟ್ಯಾಂಕ್ ಟ್ರೈಲರ್‌ನ ಚಕ್ರಗಳಿಗಿಂತ ಮುಂದಿರುವುದರಿಂದ ಹಿಚ್ ಭಾರವೂ ಇಳಿಯುತ್ತದೆ. ಖಾಲಿ ಟ್ಯಾಂಕಿನಲ್ಲಿ ಮತ್ತೆ ತೂಗಿದೆವು, 510 ಬಂತು. ಅಪ್ಪ ತಲೆಯಾಡಿಸಿದರು.