ಕೋಕಂ ಬಣ್ಣದ 14 ಜೆರ್ಸಿ

ಹುಬ್ಬಳ್ಳಿಯ ದುರ್ಗದಬೈಲಿನಿಂದ ಒಂದು ಓಣಿ ಒಳಗೆ ಹೋಗಿ, ಕಡಿದಾದ ಮೆಟ್ಟಿಲು ಹತ್ತಿದರೆ ಈ ಜೆರ್ಸಿ ಅಂಗಡಿ ಸಿಗುತ್ತದೆ. ನಮ್ಮ ಫುಟ್‌ಬಾಲ್ ತಂಡಕ್ಕೆ ಇಲ್ಲಿ 14 ಜೆರ್ಸಿ ಹೊಲಿಸಿದೆ. ಒಂದಕ್ಕೆ 380 ರೂಪಾಯಿ. ಎಂಟು ದಿನ ಅಂದಿದ್ದರು, ಕೈಗೆ ಬಂದಿದ್ದು ಹನ್ನೊಂದನೇ ದಿನ.

ನನಗೆ ಬೇಕಿದ್ದದ್ದು ಸ್ಕಾಟ್ಲೆಂಡಿನ ಆರ್ಬ್ರೋತ್ ಕ್ಲಬ್ಬಿನ ಮರೂನ್. ಬೇರೆ ಎರಡು ಕಡೆ "ರೆಡ್ ಐತಿ, ತಗೋರಿ" ಅಂದುಬಿಟ್ಟರು. ಇಲ್ಲಿನ ಮಾಲೀಕರು ನನ್ನ ಮೊಬೈಲ್ ಇಸಿದುಕೊಂಡು, ಬಟ್ಟೆ ತುಂಡುಗಳ ಕಟ್ಟು ಹಿಡಿದು ಬಾಗಿಲ ಬೆಳಕಿಗೆ ಬಂದರು. ಒಂದೊಂದೇ ತುಂಡನ್ನು ಫೋಟೊ ಪಕ್ಕ ಇಟ್ಟು ನೋಡಿದರು. "ಇದು ಇಳಕಲ್ ಸೆರಗಿನ ಕೆಂಪು ಅಲ್ರೀ, ಕೋಕಂ ಬಣ್ಣ" ಅಂದರು. ಅದೇ ಬಣ್ಣ!

ಯಾವ ಟೀಮ್ ಇದು ಅಂತ ಕೇಳಿದರು. ಚಹಾ ತರಿಸಿದರು. ನಾನು ಹೇಳುತ್ತಾ ಹೋದೆ.

ಆರ್ಬ್ರೋತ್ ಅಂದರೆ ಎಲ್ಲರೂ 1885ರ ಸ್ಕಾಟಿಷ್ ಕಪ್‌ನ 36-0 ಗೆಲುವನ್ನೇ ಹೇಳುತ್ತಾರೆ. ನನಗೆ 2021-22ರ ಸೀಸನ್ ಅದಕ್ಕಿಂತ ದೊಡ್ಡದು. ಎರಡನೇ ದರ್ಜೆಯ ಲೀಗ್, ಹತ್ತು ತಂಡ, 36 ಪಂದ್ಯ. ಎದುರಿನ ಹೆಚ್ಚಿನ ತಂಡಗಳವರಿಗೆ ಆಟವೇ ನೌಕರಿ. ಇವರು ಹಗಲು ಬೇರೆ ಕೆಲಸ ಮುಗಿಸಿ ಸಂಜೆ ಅಭ್ಯಾಸಕ್ಕೆ ಬರುವವರು. ಆಗಿನ ಮ್ಯಾನೇಜರ್ ಡಿಕ್ ಕ್ಯಾಂಪ್‌ಬೆಲ್, ತಲೆ ಮೇಲೆ ಸದಾ ಟೋಪಿ. ಇವರ ಗೇಫೀಲ್ಡ್ ಮೈದಾನದ ಗೋಡೆ ಆಚೆಗೇ ಸಮುದ್ರ. ಸ್ಕಾಟಿಷ್ ಕಪ್‌ನಲ್ಲಿ ಮೇಲಿನ ದರ್ಜೆಯ ಹಿಬ್ಸ್ ಎದುರು 3-1ರಿಂದ ಸೋತರು. ಅದು ಇರಲಿ. ಲೀಗ್‌ನಲ್ಲಿ ಏಪ್ರಿಲ್‌ವರೆಗೂ ಮೊದಲ ಸ್ಥಾನಕ್ಕೆ ಹೋರಾಡಿದರು. ಪಟ್ಟಕ್ಕೆ ಪೈಪೋಟಿ ಇದ್ದದ್ದು ಕಿಲ್ಮಾರ್ನಕ್ ತಂಡದ ಜೊತೆ. ಅವರ ಊರಲ್ಲೇ ಮೊದಲ ಗೋಲು ಇವರದೇ. ಕೊನೆಗೆ 2-1, ಪಟ್ಟ ಕಿಲ್ಮಾರ್ನಕ್‌ಗೆ. ಹುಬ್ಬಳ್ಳಿಯಲ್ಲಿ ರಾತ್ರಿ ಎರಡು ದಾಟಿತ್ತು. ನಾನು ಮೊಬೈಲ್‌ನಲ್ಲಿ ಸ್ಕೋರ್ ನೋಡುತ್ತಾ ಅಡುಗೆಮನೆಯಲ್ಲಿ ನಿಂತಿದ್ದೆ. ಸೀಸನ್ ಮುಗಿದಾಗ ಅವರಿಗೆ 67 ಅಂಕ, ಇವರಿಗೆ 65. ಆಮೇಲೆ ಮೇಲಿನ ದರ್ಜೆಗೆ ಏರಲು ಆಡುವ ಪ್ಲೇಆಫ್‌ನಲ್ಲಿ ಇನ್ವರ್ನೆಸ್ ತಂಡದ ಎದುರು ಎರಡೂ ಪಂದ್ಯ 0-0. ಇನ್ವರ್ನೆಸ್ ಒಂಬತ್ತೇ ಜನಕ್ಕೆ ಇಳಿದಿತ್ತು. ಆದರೂ ಪೆನಾಲ್ಟಿಯಲ್ಲಿ ಇವರೇ ಸೋತರು. ಇವತ್ತಿಗೂ ನೆನೆದರೆ ಹೊಟ್ಟೆ ಉರಿಯುತ್ತದೆ.

2024ರಲ್ಲಿ ಕೆಳಗಿನ ದರ್ಜೆಗೆ ಬಿದ್ದರು. 2025ರಲ್ಲಿ ಅಲ್ಲಿ ಗೆದ್ದು ವಾಪಸ್ ಮೇಲೆ ಬಂದರು. ಅವತ್ತೇ ಅಂದುಕೊಂಡೆ, ನಮ್ಮ ಜೆರ್ಸಿ ಇದೇ ಬಣ್ಣದ್ದಾಗಬೇಕು. ನಮ್ಮಲ್ಲೂ ಒಬ್ಬ ರೈಲ್ವೆ ವರ್ಕ್‌ಶಾಪ್, ಇಬ್ಬರು ಮೆಡಿಕಲ್ ಶಾಪ್, ಒಬ್ಬ ಕೊರಿಯರ್. ಕತ್ತಲಾಗುವ ಮುಂಚೆ ಒಂದು ತಾಸು ಸಿಕ್ಕರೆ ಅದೇ ಆಟ.

ಈಗ ಜೆರ್ಸಿ ವಿಷಯ. ಬಟ್ಟೆ ಸಣ್ಣ ತೂತಿನ ಪಾಲಿಯೆಸ್ಟರ್, ಬೆವರು ಬೇಗ ಆರುತ್ತದೆ. ಕಂಕುಳ ಹೊಲಿಗೆ ಗಟ್ಟಿ. ಒಂದೇ ದೂರು. 9ನೇ ನಂಬರಿನ ಮೂಲೆ ಎರಡನೇ ಒಗೆತಕ್ಕೇ ಎದ್ದಿತು. ಬಿಳಿ ಬಟ್ಟೆಗೆ ಬಣ್ಣ ಇಳಿಸುವ ಸಬ್ಲಿಮೇಷನ್ ಪ್ರಿಂಟ್ ಆಗಿದ್ದರೆ ಏಳುತ್ತಿರಲಿಲ್ಲ. ಆದರೆ ಸ್ಯಾಂಪಲ್‌ನಲ್ಲಿ ಮರೂನ್ ಕಂದು ಬಣ್ಣಕ್ಕೆ ತಿರುಗಿತ್ತು, ಹಾಗಾಗಿ ಬಣ್ಣದ ಬಟ್ಟೆ ಮೇಲೆ ನಂಬರ್ ಅಂಟಿಸುವುದನ್ನು ನಾನೇ ಒಪ್ಪಿದ್ದೆ. ವಾಪಸ್ ಒಯ್ದಾಗ ಹಳೆಯದನ್ನು ಕಿತ್ತು, ಹೊಸ ನಂಬರ್ ಒತ್ತಿ ಕೊಟ್ಟರು. ದುಡ್ಡು ಕೇಳಲಿಲ್ಲ.

ಐದಕ್ಕೆ ನಾಲ್ಕು ಕೊಡುತ್ತೇನೆ. ನಂಬರ್ ಮೇಲೆ ಇಸ್ತ್ರಿ ಇಡಬೇಡಿ, ಉಲ್ಟಾ ಮಾಡಿ ತಣ್ಣೀರಲ್ಲಿ ಒಗೆಯಿರಿ. ಟೂರ್ನಮೆಂಟ್ ಇದ್ದರೆ ಮೂರು ವಾರ ಮೊದಲೇ ಆರ್ಡರ್ ಕೊಡಿ. ಓಣಿಯಲ್ಲಿ ಬೈಕ್ ನಿಲ್ಲಿಸಲು ಜಾಗವಿಲ್ಲ, ನಡೆದೇ ಹೋಗಿ.