ಹೃದಯಕೋಶದ ಪ್ರಯೋಗಕ್ಕೆ ಟಿಎಂಆರ್‌ಎಂ ಬಣ್ಣ: ಕೊಳ್ಳಿ, ಆದರೆ ಚಿಟಿಕೆಯಷ್ಟೇ ಬಳಸಿ

ನಿಂತಿದ್ದ ರಕ್ತ ಮತ್ತೆ ಹರಿಯತೊಡಗಿದ ಮೊದಲ ಕೆಲವೇ ನಿಮಿಷಗಳಲ್ಲಿ ಹೃದಯಕೋಶದ ಅಳಿವು ಉಳಿವು ತೀರ್ಮಾನವಾಗುತ್ತದೆ. ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯದ ಒಳಪೊರೆಯಲ್ಲಿನ ಟ್ರಾನ್ಸಿಶನ್ ರಂಧ್ರ ತೆರೆದೇ ಉಳಿದರೆ ಅಲ್ಲಿನ ವೋಲ್ಟೇಜ್ ಕುಸಿದು ಕೋಶ ಸಾಯುತ್ತದೆ. ಅಡೆನೊಸಿನ್, ಬ್ರಾಡಿಕಿನಿನ್‌ನಂಥ ರಕ್ಷಣೆಯ ಸಂದೇಶ ತರುವ ವಸ್ತುಗಳು ಕೋಶದ ಹೊರಪೊರೆಯ ಗ್ರಾಹಕಗಳಿಗೆ ತಗುಲಿದಾಗ ಪಿಕೆಸಿ ಎಪ್ಸಿಲಾನ್, ಎಕೆಟಿ ಕಿಣ್ವಗಳ ಮೂಲಕ ಒಳಗೆ ಸುದ್ದಿ ಹೋಗುತ್ತದೆ. ಜಿಎಸ್‌ಕೆ-3 ಬೀಟಾ ಎಂಬ, ರಂಧ್ರ ತೆರೆಯಲು ಒತ್ತಾಸೆಯಾಗುವ ಕಿಣ್ವ ಸುಮ್ಮನಾಗುತ್ತದೆ. ರಂಧ್ರ ಅಷ್ಟು ಸುಲಭವಾಗಿ ತೆರೆಯುವುದಿಲ್ಲ. ಈ ಸುದ್ದಿ ನಿಜಕ್ಕೂ ತಲುಪಿತೇ ಎಂದು ಜೀವಂತ ಕೋಶದಲ್ಲೇ ನೋಡಲು ನಾವು ಶಿಫಾರಸು ಮಾಡುವುದು ಟೆಟ್ರಾಮೀಥೈಲ್ ರೋಡಮಿನ್ ಮೀಥೈಲ್ ಎಸ್ಟರ್, ಅಂದರೆ ಟಿಎಂಆರ್‌ಎಂ ಎಂಬ ಹೊಳೆಯುವ ಬಣ್ಣ; ಮೈಟೊಕಾಂಡ್ರಿಯದ ವೋಲ್ಟೇಜ್ ಹೆಚ್ಚಿದ್ದಷ್ಟೂ ಅದು ಒಳಗೆ ಹೆಚ್ಚು ಸೇರುತ್ತದೆ.

ಇದರ ಪರ್ಕ್ಲೋರೇಟ್ ಲವಣ 25 ಮಿಲಿಗ್ರಾಂ ಪುಡಿಯಾಗಿ ಸಿಗುತ್ತದೆ. 5 ಮಿಲಿಲೀಟರ್ ಡಿಎಂಎಸ್‌ಒ ದ್ರಾವಕದಲ್ಲಿ ಕರಗಿಸಿದರೆ 10 ಮಿಲಿಮೋಲಾರ್ ಸ್ಟಾಕ್ ಸಿದ್ಧ. ಸಣ್ಣ ಸಣ್ಣ ಪಾಲು ಮಾಡಿ, ಬೆಳಕು ತಾಗದಂತೆ ಮೈನಸ್ 20 ಡಿಗ್ರಿಯಲ್ಲಿಡಿ. ಒಂದು ಪುಡಿಕೆ ಬಹುಕಾಲ ಬರುತ್ತದೆ, ಏಕೆಂದರೆ ಕೋಶಕ್ಕೆ ಬೇಕಿರುವುದು 20 ನ್ಯಾನೊಮೋಲಾರ್ ಮಾತ್ರ.

ಎಡವುವುದೂ ಇಲ್ಲೇ. ಹೊರಪೊರೆಯ ವೋಲ್ಟೇಜ್ ಸುಮಾರು ಮೈನಸ್ 80 ಮಿಲಿವೋಲ್ಟ್, ಹಾಗಾಗಿ ಬಣ್ಣ ಕೋಶರಸದಲ್ಲೇ 20 ಪಟ್ಟು ಸೇರುತ್ತದೆ. ಮೈಟೊಕಾಂಡ್ರಿಯದ 150 ಮಿಲಿವೋಲ್ಟ್ ಅದನ್ನು ಮತ್ತೆ 270 ಪಟ್ಟಿಗೂ ಹೆಚ್ಚು ಎಳೆದುಕೊಳ್ಳುತ್ತದೆ. ಹೊರಗೆ 20 ನ್ಯಾನೊಮೋಲಾರ್ ಇದ್ದದ್ದು ಒಳಗೆ ಸುಮಾರು 100 ಮೈಕ್ರೊಮೋಲಾರ್! 'ಚೆನ್ನಾಗಿ ಕಾಣಲಿ' ಎಂದು 200 ನ್ಯಾನೊಮೋಲಾರ್ ಹಾಕಿದರೆ ಬಣ್ಣದ ಕಣಗಳು ಒತ್ತೊತ್ತಾಗಿ ಪರಸ್ಪರರ ಹೊಳಪನ್ನೇ ನುಂಗುತ್ತವೆ. ಆಗ ವೋಲ್ಟೇಜ್ ಕುಸಿದಾಗ ಹೊಳಪು ಇಳಿಯುವ ಬದಲು ಮೊದಲು ಏರುತ್ತದೆ, ಫಲಿತಾಂಶ ತಲೆಕೆಳಗಾಗಿ ಓದಿಸಿಕೊಳ್ಳುತ್ತದೆ. ಕಡಿಮೆ ಪ್ರಮಾಣದಲ್ಲಿ 37 ಡಿಗ್ರಿಯಲ್ಲಿ 45 ನಿಮಿಷ ಬಿಟ್ಟು, ಅದೇ ಪ್ರಮಾಣದ ಬಣ್ಣವನ್ನು ಚಿತ್ರೀಕರಣ ಮುಗಿಯುವವರೆಗೂ ದ್ರಾವಣದಲ್ಲಿ ಉಳಿಸಿ. ತೊಳೆದುಬಿಟ್ಟರೆ ಬಣ್ಣ ತಾನಾಗಿ ಸೋರುತ್ತದೆ, ಆ ಸೋರಿಕೆಯೇ ಹಾನಿಯಂತೆ ಕಾಣುತ್ತದೆ.

ದ್ರಾವಣದ ಪೊಟ್ಯಾಸಿಯಂ ಹೆಚ್ಚಿಸಿದರೆ ಹೊರಪೊರೆಯ ವೋಲ್ಟೇಜ್ ಕುಗ್ಗುತ್ತದೆ, ಮೈಟೊಕಾಂಡ್ರಿಯ ಹಾಗೇ ಇದ್ದರೂ ಹೊಳಪು ಇಳಿಯುತ್ತದೆ. ಇದನ್ನು ಮರೆತು ಬರೆದ ತೀರ್ಮಾನಗಳನ್ನು ನಂಬಬೇಡಿ. ಕೋಶವನ್ನು ರಕ್ಷಿಸಲು ಡಯಾಜಾಕ್ಸೈಡ್ ಔಷಧ ಬಳಸುವವರಿಗೂ ಒಂದು ಮಾತು: ಅದು ಮೈಟೊಕಾಂಡ್ರಿಯದ ಪೊಟ್ಯಾಸಿಯಂ ದ್ವಾರ ತೆರೆಯುವುದಷ್ಟೇ ಅಲ್ಲ, ಉಸಿರಾಟದ ಕಿಣ್ವವಾದ ಸಕ್ಸಿನೇಟ್ ಡಿಹೈಡ್ರೋಜಿನೇಸನ್ನೂ ತಡೆಯುತ್ತದೆ; ಹಾಗಾಗಿ ಕಂಡ ಬದಲಾವಣೆ ದ್ವಾರದಿಂದಲೇ ಎನ್ನಲಾಗದು.

ಈ ಬಣ್ಣದ ದೊಡ್ಡ ದೋಷವೇ ದೊಡ್ಡ ಉಪಯೋಗವೂ ಹೌದು. ಲೇಸರ್ ಬಿದ್ದಾಗ ಟಿಎಂಆರ್‌ಎಂ ಆಕ್ಸಿಜನ್ ರ‍್ಯಾಡಿಕಲ್‌ಗಳನ್ನು ಹುಟ್ಟಿಸಿ ರಂಧ್ರವನ್ನು ತಾನೇ ತೆರೆಸುತ್ತದೆ. 2000ದಲ್ಲಿ ಸಂಶೋಧಕರಾದ ಜೊರೊವ್, ಸೊಲ್ಲಾಟ್ ಮೊದಲಾದವರು ಇದನ್ನೇ ಅಳತೆಗೋಲಾಗಿಸಿದರು: ಒಂದೇ ಸಾಲನ್ನು ಮತ್ತೆ ಮತ್ತೆ ಸ್ಕ್ಯಾನ್ ಮಾಡಿ, ರಂಧ್ರ ತೆರೆಯಲು ಎಷ್ಟು ಹೊತ್ತು ಹಿಡಿಯಿತು ಎಂದು ನೋಡುವುದು. ರಕ್ಷಣೆಯ ಸಂದೇಶ ಪಡೆದ ಕೋಶ ಹೆಚ್ಚು ಹೊತ್ತು ತಡೆಯುತ್ತದೆ. ರಂಧ್ರ ತೆರೆಯುವುದನ್ನು ತಡೆಯುವ ಸೈಕ್ಲೋಸ್ಪೊರಿನ್ ಎ ಹಾಕಿದ ಕೋಶಗಳಲ್ಲೂ ಸಮಯ ಉದ್ದವಾಗದಿದ್ದರೆ ನೀವು ನೋಡುತ್ತಿರುವುದು ರಂಧ್ರವನ್ನಲ್ಲ, ಬರಿಯ ಬೆಳಕಿನ ಸುಡುವಿಕೆಯನ್ನು ಎಂಬ ಅನುಮಾನ ಇರಲಿ. ವೋಲ್ಟೇಜ್ ಮಾತ್ರ ಅಳೆಯುವುದಾದರೆ ಲೇಸರನ್ನು ಚಿತ್ರ ಕಾಣುವಷ್ಟಕ್ಕೇ ಇಳಿಸಿ.

ಜೆಸಿ-1 ಎಂಬ ಇನ್ನೊಂದು ಬಣ್ಣ ಕೆಂಪು, ಹಸಿರು ಎರಡೂ ತೋರಿಸುತ್ತದೆಂದು ಅನೇಕರು ಕೊಳ್ಳುತ್ತಾರೆ. ಅದು ನೀರಿನಲ್ಲಿ ಗಸಿ ಕಟ್ಟುತ್ತದೆ, ನಿಧಾನ. ನಿಮಿಷ ನಿಮಿಷದ ಬದಲಾವಣೆಗೆ ಒಗ್ಗದು. ಟಿಎಂಆರ್‌ಇ ಎಂಬ ಬಣ್ಣ ಹೆಚ್ಚು ಕಡಿಮೆ ಟಿಎಂಆರ್‌ಎಂನಂತೆಯೇ, ಆದರೆ ಕೋಶದ ಉಸಿರಾಟವನ್ನು ಹೆಚ್ಚು ಕುಗ್ಗಿಸುತ್ತದೆ.

ಪ್ರತಿ ಪ್ರಯೋಗದ ಕೊನೆಗೆ ಮೈಟೊಕಾಂಡ್ರಿಯದ ವೋಲ್ಟೇಜನ್ನು ಕುಸಿಸುವ ಎಫ್‌ಸಿಸಿಪಿ 1 ಮೈಕ್ರೊಮೋಲಾರ್ ಹಾಕಿ ಹೊಳಪು ತಳ ಕಾಣುವುದನ್ನು ಖಚಿತಪಡಿಸಿಕೊಳ್ಳಿ. ಆಮೇಲೆ ಚೇಂಬರನ್ನೂ ಕೊಳವೆಗಳನ್ನೂ ಎಥನಾಲ್‌ನಲ್ಲಿ ಚೆನ್ನಾಗಿ ತೊಳೆಯಿರಿ. ಪ್ಲಾಸ್ಟಿಕ್‌ಗೆ ಅಂಟಿದ ಎಫ್‌ಸಿಸಿಪಿ ಮುಂದಿನ ತಟ್ಟೆಯ ಕೋಶಗಳನ್ನು ಪ್ರಯೋಗ ಶುರುವಾಗುವ ಮೊದಲೇ ಕೆಡಿಸುತ್ತದೆ.