ಗಾಡಿ ಪಲ್ಟಿಯಾದವರಿಗೆ ಬಾಗಲಕೋಟೆಯ ಉಚಿತ ಕಾನೂನು ನೆರವು

ಬಾಗಲಕೋಟೆ ನವನಗರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ನನಗೆ ಉಚಿತವಾಗಿ ವಕೀಲರು ಸಿಕ್ಕರು. ಪುಕ್ಕಟೆ ವಕೀಲರು ಮನಸ್ಸಿಟ್ಟು ಕೆಲಸ ಮಾಡುವುದಿಲ್ಲ ಎಂದು ನಮ್ಮ ಗುಳೇದಗುಡ್ಡದ ಓಣಿಯಲ್ಲಿ ಹೇಳದವರೇ ಇರಲಿಲ್ಲ. ಈಗ ಕೇಸ್ ಮುಗಿದು ಪರಿಹಾರದ ಹಣ ಬಂದಿದೆ. ನನ್ನಂತೆ ಪೆಟ್ಟು ತಿಂದವರಿಗೆ ಗೊತ್ತಾಗಲಿ ಎಂದು ಬರೆಯುತ್ತಿದ್ದೇನೆ.

ಮುಧೋಳದ ಕಡೆ ಅಕ್ಕನ ನಾದಿನಿಯ ಮದುವೆ ಮುಗಿಸಿ ರಾತ್ರಿ ಅಕ್ಕನ ಗಂಡ, ಅಂದರೆ ನಮ್ಮ ಮಾಮಾನ ಎಸ್‌ಯುವಿಯಲ್ಲಿ ವಾಪಸ್ ಬರುತ್ತಿದ್ದೆವು. ಏಳೂ ಸೀಟು ತುಂಬಿತ್ತು, ಮೇಲೆ ಕ್ಯಾರಿಯರ್ ತುಂಬ ಭಾಂಡೆ ಸಾಮಾನು. ಕಬ್ಬಿನ ಸೀಜನ್. ನಮ್ಮ ಮುಂದೆ ಎರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್, ಹಿಂದೆ ಕೆಂಪು ದೀಪವೂ ಇಲ್ಲ, ರಿಫ್ಲೆಕ್ಟರೂ ಇಲ್ಲ. ಹತ್ತಿರ ಬಂದ ಮೇಲೇ ಕಂಡಿದ್ದು. ಮಾಮಾ ಎಡಕ್ಕೆ ಸ್ಟೇರಿಂಗ್ ಎಳೆದರು, ಚಕ್ರ ಡಾಂಬರು ಬಿಟ್ಟು ನೀರುಂಡ ಎರಿ ಮಣ್ಣಿಗೆ ಇಳಿದು ಹೂತುಕೊಂಡಿತು, ಗಾಡಿ ಮಗ್ಗುಲಾಗಿ ಉರುಳಿತು. ಹಿಂದಿನ ಸೀಟಿನ ಬೆಲ್ಟಿನ ಕೊಂಡಿ ಹೊಸ ಸೀಟ್ ಕವರಿನ ಕೆಳಗೆ ಮುಚ್ಚಿಹೋಗಿತ್ತು. ಅಂಗಡಿಯವರು ಅದಕ್ಕೆ ತೂತೇ ಬಿಟ್ಟಿರಲಿಲ್ಲ. ನನ್ನ ಬಲಗಾಲು ಎರಡು ಕಡೆ ಮುರಿಯಿತು.

ಆಸ್ಪತ್ರೆಯಲ್ಲಿ ಪ್ಲೇಟ್ ಹಾಕಿಸಿಕೊಂಡು ಮಲಗಿದ್ದಾಗಲೇ ಒಬ್ಬಾತ ಬಂದ. ಬಂದ ಹಣದಲ್ಲಿ ಮೂವತ್ತು ಪರ್ಸೆಂಟ್ ನಮಗೆ, ಖಾಲಿ ವಕಾಲತ್ತಿಗೆ ಸಹಿ ಮಾಡ್ರಿ ಅಂದ. ಪರಿಹಾರದಲ್ಲಿ ಪಾಲು ಕೇಳುವುದು ಬಾರ್ ಕೌನ್ಸಿಲ್ ನಿಯಮದ ಪ್ರಕಾರ ವಕೀಲರಿಗೆ ನಿಷಿದ್ಧ. ಇದನ್ನು ನಮ್ಮ ಜನಕ್ಕೆ ಯಾರೂ ಹೇಳುವುದಿಲ್ಲ, ನೋವಿನಲ್ಲಿರುವವರು ಸಹಿ ಹಾಕಿಬಿಡುತ್ತಾರೆ. ನಾನು ಹಾಕಲಿಲ್ಲ. ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ ಕೇಳಿದೆ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟಿದ್ದರೂ ಉಚಿತ ವಕೀಲರನ್ನು ಕೊಡಬೇಕೆಂದು 1987ರ ಕಾನೂನು ಸೇವೆಗಳ ಕಾಯ್ದೆಯಲ್ಲೇ ಇದೆ.

ನನಗೆ ಕೊಟ್ಟ ವಕೀಲ ಮೇಡಂ ಮೊದಲ ಸಲ ಭೇಟಿಯಾದಾಗ ಎಕ್ಸ್‌ರೇ ಮುಟ್ಟಲೇ ಇಲ್ಲ. “ಮೊದ್ಲ ಗಾಡಿ ಇನ್ಶೂರೆನ್ಸ್ ಕಾಗದ ತೋರಸವಾ” ಅಂದರು. ಆ ಒಂದು ಮಾತಿಗೇ ನಾನು ಅವರಿಗೆ ಪೂರ್ತಿ ಅಂಕ ಕೊಡುತ್ತೇನೆ. ನಮ್ಮ ಗಾಡಿ ಯಾರಿಗೂ ಡಿಕ್ಕಿ ಹೊಡೆದಿರಲಿಲ್ಲ, ಟ್ರ್ಯಾಕ್ಟರ್ ನಿಲ್ಲದೇ ಹೋಗಿತ್ತು. ಒಂದೇ ಗಾಡಿ ತಾನೇ ಪಲ್ಟಿಯಾದಾಗ ಒಳಗೆ ಕೂತವರಿಗೆ ಪರಿಹಾರ ಕೊಡುವವರು ಯಾರು ಎನ್ನುವುದು ಆ ಕಾಗದದ ಮೇಲೇ ನಿಂತಿದೆ. ಖಾಸಗಿ ಕಾರಿಗೆ ಬರೀ ಥರ್ಡ್ ಪಾರ್ಟಿ ಪಾಲಿಸಿ (ಹೊರಗಿನವರಿಗಾದ ಹಾನಿಗೆ ಮಾತ್ರ) ಇದ್ದರೆ ಒಳಗಿನ ಪ್ರಯಾಣಿಕರು ಅದರಲ್ಲಿ ಬರುವುದಿಲ್ಲ. ನಮ್ಮ ಗಾಡಿಯ ಹಾನಿಯೂ ಸೇರಿದ ಪ್ಯಾಕೇಜ್ ಪಾಲಿಸಿ ಇದ್ದರೆ ಬರುತ್ತಾರೆ. ಮಾಮಾನದು ಪ್ಯಾಕೇಜ್. ವರ್ಷಕ್ಕೆ ನಾಲ್ಕು ಕಾಸು ಉಳಿಯುತ್ತದೆ ಎಂದು ಥರ್ಡ್ ಪಾರ್ಟಿ ಮಾತ್ರ ಮಾಡಿಸಿ ಮನೆಮಂದಿಯನ್ನೆಲ್ಲ ಹೇರಿಕೊಂಡು ಹೋಗುವವರು ನಮ್ಮ ಕಡೆ ಎಷ್ಟು ಜನರಿಲ್ಲ!

ಇನ್ನೊಂದು ಸಂಕಟವಿತ್ತು. ಅರ್ಜಿಯಲ್ಲಿ ಎದುರುದಾರ ಅಂತ ಮಾಮಾನ ಹೆಸರೇ ಬರಬೇಕು. ಅಕ್ಕ ಒಂದು ವಾರ ನನ್ನ ಸಂಗಡ ಮಾತಾಡಲಿಲ್ಲ. ಮೇಡಂ ಅಕ್ಕನನ್ನೂ ಮಾಮಾನನ್ನೂ ಕರೆಸಿ ಕೂರಿಸಿಕೊಂಡು, ಪಾಲಿಸಿ ಸರಿಯಿದ್ದರೆ ಹಣ ಕಟ್ಟುವುದು ಕಂಪನಿ, ನಿಮ್ಮ ಹೆಸರು ಇರಲೇಬೇಕಾದದ್ದು ಕಾನೂನಿನ ರೀತಿ ಎಂದು ಸಮಾಧಾನವಾಗಿ ತಿಳಿಸಿದರು. ಫೀ ಕೊಟ್ಟ ವಕೀಲರಾದರೂ ಇಷ್ಟು ಮಾಡುತ್ತಿದ್ದರೋ ಇಲ್ಲವೋ.

ವೈಟ್ ಬೋರ್ಡ್ (ಖಾಸಗಿ) ಗಾಡಿಯನ್ನು ಬಾಡಿಗೆಗೆ ಓಡಿಸಿದ್ದಾರೆ ಎಂದು ವಿಮಾ ಕಂಪನಿ ವಾದ ಹೂಡಿತು. ಮೇಡಂ ಲಗ್ನಪತ್ರಿಕೆಯನ್ನೇ ಹಾಜರುಪಡಿಸಿದರು. ವಧುವಿನ ಅಣ್ಣ ಎಂದು ಮಾಮಾನ ಹೆಸರು ಅದರಲ್ಲಿತ್ತು.

ಎಲ್ಲಕ್ಕಿಂತ ದೊಡ್ಡ ಕೆಲಸ ನನ್ನ ಕಾಲಿನ ವಿಷಯದಲ್ಲಿ ಆಯಿತು. ನಾನು ಖಣ ನೇಯುವವಳು. ಕುಣಿಮಗ್ಗದಲ್ಲಿ ಕಾಲು ಕುಣಿಯೊಳಗೆ ಇಳಿಬಿಟ್ಟು ಕೂತು, ಒಂದೊಂದು ಎಳೆಗೂ ಪೆಡಲ್ ತುಳಿಯಬೇಕು, ಕೈಯಲ್ಲಿ ಲಾಳಿ. ಡಾಕ್ಟರು ಕಾಲಿಗೆ 36 ಪರ್ಸೆಂಟ್ ಊನ ಎಂದು ಬರೆದರು. ಇಡೀ ದೇಹಕ್ಕೆ ಅದರ ಮೂರನೇ ಒಂದು ಭಾಗ, ಅಂದರೆ 12 ಸಾಕು ಎಂದಿತು ಕಂಪನಿ. ಮೇಡಂ ನಮ್ಮ ಮನೆಗೇ ಬಂದು, ಮಗ್ಗದ ಕುಣಿಗೆ ಇಳಿಯಲು ನಾನು ಪಡುವ ಪಾಡನ್ನು ವಿಡಿಯೊ ಮಾಡಿಸಿದರು. ಊನ ಎಷ್ಟು ಎನ್ನುವುದಕ್ಕಿಂತ ಆ ಊನದಿಂದ ದುಡಿಮೆ ಎಷ್ಟು ನಿಂತಿತು ಎಂದು ನೋಡಬೇಕೆಂದು 2010ರಲ್ಲಿ ರಾಜ್‌ಕುಮಾರ್–ಅಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆಯಂತೆ. ಅಪಘಾತ ಪರಿಹಾರದ ಕೇಸ್ ನೋಡುವ ನ್ಯಾಯಮಂಡಳಿ ನನ್ನ ದುಡಿಮೆಯ ನಷ್ಟವನ್ನು 30 ಪರ್ಸೆಂಟ್ ಎಂದು ಹಿಡಿಯಿತು.

ಗಾಡಿ ಕಂಪನಿಯ ಮೇಲೆ ಕೇಸ್ ಹಾಕಬಹುದಾ ಎಂದೂ ಕೇಳಿದ್ದೆ. 2019ರ ಗ್ರಾಹಕ ಕಾಯ್ದೆಯಲ್ಲಿ ಅವಕಾಶವಿದೆ, ಆದರೆ ತಯಾರಿಕೆಯ ದೋಷ ತೋರಿಸಬೇಕು, ಗಾಡಿಯನ್ನು ಗುಜರಿಗೆ ಹಾಕದೆ ಉಳಿಸಿಕೊಂಡಿರಬೇಕು ಅಂದರು. ಅಮೆರಿಕದಲ್ಲಿ 2000ರಲ್ಲಿ ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಗಳು ಟೈರ್ ಪದರು ಬಿಚ್ಚಿ ಉರುಳಿದಾಗ ಫೈರ್‌ಸ್ಟೋನ್ ಕಂಪನಿ 65 ಲಕ್ಷ ಟೈರು ವಾಪಸ್ ಕರೆಸಿತ್ತು. ನಮ್ಮದು ಅಂಥದ್ದಲ್ಲ. ಎತ್ತರದ ಗಾಡಿ, ಮೇಲೆ ಭಾರ, ಮೆತ್ತನೆಯ ರಸ್ತೆ ಅಂಚು. ಚಕ್ರಗಳ ನಡುವಿನ ಅಗಲಕ್ಕೆ ಹೋಲಿಸಿದರೆ ಭಾರ ಎಷ್ಟು ಮೇಲಿರುತ್ತದೋ ಅಷ್ಟು ಬೇಗ ಗಾಡಿ ಉರುಳುತ್ತದೆ. ಕ್ಯಾರಿಯರ್ ಮೇಲೆ ಪಾತ್ರೆ ಕಟ್ಟುವಾಗ ಇದನ್ನು ಯಾರು ಯೋಚಿಸುತ್ತಾರೆ?

ಹೋಗುವವರು ಎಫ್‌ಐಆರ್ ಪ್ರತಿ, ಆಧಾರ್, ಪಾಲಿಸಿ ನಕಲು, ಆಸ್ಪತ್ರೆಯ ಅಸಲಿ ಬಿಲ್ಲು ಎಲ್ಲ ಒಯ್ಯಿರಿ. ಅಪಘಾತ ಬೇರೆ ಜಿಲ್ಲೆಯಲ್ಲಾದರೂ ನೀವು ವಾಸಿಸುವ ಊರಿನ ನ್ಯಾಯಮಂಡಳಿಯಲ್ಲೇ ಅರ್ಜಿ ಹಾಕಬಹುದು. ಕಾಲು ನೆಟ್ಟಗಾಗಲಿ, ಆಮೇಲೆ ನೋಡೋಣ ಎಂದು ಮಾತ್ರ ಕೂರಬೇಡಿ: 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿ ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕೆನ್ನುತ್ತದೆ.